ಜ್ವರಕ್ಕೆ ಕೂತವನು

ನನ್ನ ತಮ್ಮ ಮನೋಹರನಿಗೆ ಗಾಂಜಾ ಕಲಿಸಿದವರ ವಂಶ ಹಾಳಾಗಲಿ! ಬಿಡದಿ ಕಡೆ ಹೊಸ ಫ್ಯಾಕ್ಟರಿಗಳು ಎದ್ದ ಕಾಲ. ಶಿಫ್ಟು ಮುಗಿಸಿ, ಕಾಂಪೌಂಡಿನ ಹಿಂದೆ ಸೇದಿ, ನಮ್ಮೂರು ಕೈಲಾಂಚಕ್ಕೆ ನಗುತ್ತಾ ಬರುತ್ತಿದ್ದ. ಬರಬರುತ್ತಾ ನಗುವೂ ನಿಂತಿತು. ಕೆಲಸ ಬಿಟ್ಟ, ಸೇದುವುದನ್ನೂ ಬಿಟ್ಟ. ಆದರೂ ಕರೆದರೆ ತುಂಬಾ ಹೊತ್ತಾದ ಮೇಲೆ ತಿರುಗುತ್ತಿದ್ದ, ಅದೂ ಯಾರೂ ಇಲ್ಲದ ಕಡೆಗೆ.

ರಾಮನಗರದ ಡಾಕ್ಟರು ಬಿಡಿಸಿ ಹೇಳಿದರು. "ಮಿದುಳಿನ ಒಂದೊಂದು ಕಣಕ್ಕೂ ಜಿಡ್ಡಿನ ತೆಳು ಗೋಡೆ ಇರುತ್ತಮ್ಮಾ. ಗಾಂಜಾದ ಸತ್ವ ಜಿಡ್ಡಲ್ಲಿ ಕರಗಿ ಅಲ್ಲೇ ಸೇರ್ಕೊಳುತ್ತೆ. ಒಂದು ಕಣದ ಸುದ್ದಿ ಇನ್ನೊಂದಕ್ಕೆ ಸರಿಯಾಗಿ ಮುಟ್ಟಲ್ಲ. ಬಿಟ್ಟ ಮೇಲೂ ಬೇಗ ಹೋಗಲ್ಲ. ಮಾತ್ರೆ ತಪ್ಪಿಸಬೇಡಿ."

ಮನೆಗೆ ಬಂದವನು ರೇಷ್ಮೆಹುಳದ ಕೋಣೆಯಲ್ಲಿ ಕೂತುಬಿಟ್ಟ. ಗೂಡು ಮಾರಿ ಕೋಣೆ ಖಾಲಿಯಾಗಿತ್ತು. ತಲೆ ಎತ್ತಿದವನು ಇಳಿಸಲಿಲ್ಲ, ಅಲುಗಾಡಲಿಲ್ಲ, ಊಟ ಮುಟ್ಟಲಿಲ್ಲ. ಅವ್ವನ ಮುಖ ಅರಳಿತು.

"ಜ್ವರಕ್ಕೆ ಕೂತವ್ನೆ ಕಣೇ ಭಾನೂ!"

ಹುಳ ಹಳೇ ಚರ್ಮ ಕಳಚುವ ಮುಂಚೆ ಮೇವು ಬಿಟ್ಟು, ಹೀಗೇ ತಲೆ ಎತ್ತಿ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ಆಗ ಹಿಪ್ಪುನೇರಳೆ ಸೊಪ್ಪು ಹಾಕಬಾರದು, ಮುಟ್ಟಬಾರದು. ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು.

"ನಿಂಗೇನ್ ತಲೆ ಕೆಟ್ಟೈತಾ? ಅವ್ನೇನ್ ಹುಳನಾ? ಆಸ್ಪತ್ರೆಗೆ ಕರ್ಕಂಡೋಗಾನ ನಡಿ," ಎಂದು ಕೂಗಾಡಿದೆ.

"ಗ್ವಾಡೆಗೇ ಹತ್ತಿರೋ ವಿಸ ಮಾತ್ರೇಲಿ ಹೋದಾತಾ? ಕಳಚ್ಲಿ ಸುಮ್ಕಿರು. ಈಗ ಮುಟ್ಟಿದ್ರೆ ಸತ್ತೋಯ್ತನೆ."

ಅವನ ಮೈಮೇಲೆ ಸುಣ್ಣ ಉದುರಿಸಿ, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಮಾತು ಯಾರಿಗೆ ಬೇಕು? ಕಿಟಕಿಯಿಂದ ಇಣುಕಿದಾಗಲೆಲ್ಲ ತಲೆ ಹಾಗೇ ಇತ್ತು. ಕುತ್ತಿಗೆಯ ಚರ್ಮ ಬಿಳುಪಾಗಿ ಸಡಿಲಾದಂತೆ ಕಂಡಿತು. ಸುಣ್ಣ ಇರಬೇಕು ಎಂದುಕೊಂಡೆ.

ಒಂದು ಬೆಳಿಗ್ಗೆ ಒಳಗಿನಿಂದ ಬಾಗಿಲು ಬಡಿದ. ಅವ್ವ ತೆರೆದಳು. ಎಷ್ಟು ನುಣುಪಾಗಿತ್ತು ಅವನ ಮುಖ! ನನ್ನನ್ನೇ ನೋಡಿ, "ಅಕ್ಕಾ, ಹಸಿವು," ಎಂದ.

ಓಡಿಹೋಗಿ ಮುದ್ದೆ, ಸಾರು ತಂದೆ. ಮೂಸಿ, ತಟ್ಟೆ ಪಕ್ಕಕ್ಕೆ ಸರಿಸಿದ. ಜಗುಲಿಯ ಮೇಲೆ ಮೇಕೆಗೆಂದು ತಂದ ಹಿಪ್ಪುನೇರಳೆ ಸೊಪ್ಪಿತ್ತು. ಅದನ್ನು ನೋಡಿ ಗುಟುಕ್ಕನೆ ಉಗುಳು ನುಂಗಿದ.

ಅವ್ವ ಕತ್ತಿ ಹಿಡಿದು ಸೊಪ್ಪನ್ನು ಸಣ್ಣಗೆ ಹೆಚ್ಚತೊಡಗಿದಳು.

"ಇದು ಬಲ್ತೈತೆ. ಜ್ವರ ಬಿಟ್ಟು ಎದ್ದೋರ್ಗೆ ಎಳೇದೇ ಆಗ್ಬೇಕು. ಓಗು, ಕುಡಿ ಕಿತ್ಕಂಬಾ."

ಅಯ್ಯೋ, ಅವಳ ಕೈಯಿಂದ ಕತ್ತಿ ಕಿತ್ತುಕೊಳ್ಳಬೇಕಿತ್ತು. ಅಷ್ಟರಲ್ಲಿ ಅವನು ಹಿಡಿ ತುಂಬಾ ಬಾಯಿಗೆ ಹಾಕಿಕೊಂಡಿದ್ದ. ತಿನ್ನುತ್ತಿದ್ದ, ನನ್ನ ತಮ್ಮ ತಿನ್ನುತ್ತಿದ್ದ. ನಾನು ಕುಕ್ಕೆ ಎತ್ತಿಕೊಂಡು ತೋಟದ ಕಡೆ ಓಡಿದೆ.