ಬಾಗಿಲು ಹಾಕಿಕೊಂಡು ಮಾಡಿದ ಪ್ರಯೋಗ

ಮಕ್ಕಳಿರುವ ಮನೆಯಲ್ಲಿ ದಿನಕ್ಕೊಂದು ಚೆಲ್ಲುವುದು ಇದ್ದದ್ದೇ. ಲಾಂಡ್ರಿಯಪ್ಪನ ಮನೆಯಲ್ಲಿ ಅವತ್ತು ಚೆಲ್ಲಿದ್ದು ನಿಂಬೆರಸ ಮತ್ತು ಅಡುಗೆ ಸೋಡದ ನೊರೆ. ಅದು ಬಿದ್ದದ್ದು ಗಿರಾಕಿಯೊಬ್ಬರ ಇಸ್ತ್ರಿ ಮಾಡಿಟ್ಟ ಅಂಗಿಯ ಮೇಲೆ.

ಹತ್ತು ವರ್ಷದ ಮಗಳು ಬಾಟಲಿಗೆ ನಿಂಬೆರಸ ಸುರಿದು, ಸೋಡ ತುಂಬಿದ ಬಲೂನನ್ನು ಅದರ ಬಾಯಿಗೆ ಸಿಕ್ಕಿಸಿದ್ದಳು. ಊದದೆಯೇ ಬಲೂನು ಉಬ್ಬುತ್ತದೆ ಅಂತ ಟೀಚರ್ ಹೇಳಿದ್ದರು. ಉಬ್ಬಿತು ಕೂಡ, ಆಮೇಲೆ ಕಿತ್ತುಕೊಂಡು ಹಾರಿತು. ಅಪ್ಪ ನೋಡಿದ್ದು ಅಂಗಿಯನ್ನು ಮಾತ್ರ. ಮಗಳ ಬೆನ್ನಿಗೊಂದು ಬಿತ್ತು.

"ತರಲೆ ಅಂತ ನಿನ್ನ ಸುಮ್ನೆ ಕರೆಯಲ್ಲ. ಇನ್ನೊಂದ್ಸಲ ಇಂಥದ್ದು ಮಾಡಿದ್ರೆ ಕೈ ಮುರಿದುಬಿಡ್ತೀನಿ."

ಪಕ್ಕದ ಮನೆಯ ನರ್ಸಮ್ಮ ಬಟ್ಟೆ ತೆಗೆದುಕೊಳ್ಳಲು ಬಂದವರು ಇದನ್ನೆಲ್ಲ ನೋಡಿದರು. ಲಾಂಡ್ರಿಯಪ್ಪ ಆಗಲೇ ದೊಡ್ಡ ಕ್ಯಾನಿನಿಂದ ಬಾಟಲಿ ತುಂಬಿಸುವುದರಲ್ಲಿ ತೊಡಗಿದ್ದ.

"ಅಣ್ಣ, ನೀರು ಕುಡಿಯೋ ಬಾಟ್ಲಿಗೆ ಬ್ಲೀಚ್ ತುಂಬ್ತಿದ್ದೀರಲ್ಲ?"

"ಪ್ರತಿಸಲ ಕ್ಯಾನ್ ಎತ್ತೋಕಾಗಲ್ಲಮ್ಮ. ಒಂದ್ರಲ್ಲಿ ಬ್ಲೀಚು, ಇನ್ನೊಂದ್ರಲ್ಲಿ ಹುಳಿನೀರು, ಆಸಿಡ್ ಕಣಮ್ಮ. ಬಟ್ಟೆ ಕೊನೇಲಿ ಜಾಲಿಸೋವಾಗ ಹಾಕೋದು."

"ನೋಡೋಕೆ ಎರಡೂ ಒಂದೇ ಥರ ಇದೆ. ಚೀಟಿನಾದ್ರೂ ಅಂಟಿಸಿ."

"ಇಪ್ಪತ್ತು ವರ್ಷದಿಂದ ಇದೇ ಕೆಲಸ. ನನ್ನ ಮೂಗೇ ಚೀಟಿ."

ನರ್ಸಮ್ಮ ನಗಲಿಲ್ಲ. "ಹುಡುಗಿಗೂ ಹೊಡೀಬೇಡಿ. ಮಾಡ್ಬೇಡ ಅಂದ್ರೆ ಕದ್ದು ಮಾಡ್ತಾಳೆ. ಒಂದು ತಟ್ಟೆ ಕೊಟ್ಟು ಪಕ್ಕದಲ್ಲಿ ಕೂತ್ಕೊಳ್ಳಿ. ಉಪ್ಪು, ನಿಂಬೆಹಣ್ಣು, ಮೊಟ್ಟೆ, ಎಲ್ಲ ಅಡುಗೆಮನೇಲೇ ಇದೆ. ಹತ್ತು ನಿಮಿಷದ ಕೆಲಸ."

"ನಾನು ಕೂತ್ರೆ ಬಟ್ಟೆ ಯಾರು ಒಗೀತಾರೆ, ನೀವಾ? ವಿಜ್ಞಾನ ಕಲಿಸೋಕೆ ಸ್ಕೂಲಿದೆ ಬಿಡಿ."

ಮಾತಿನಲ್ಲಿ ಗೆದ್ದ ಖುಷಿಯಲ್ಲಿ ಅವನು ಸೋಡದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಎರಡು ಬಾಟಲಿಗಳು ಮಾತ್ರ ಎಂದಿನಂತೆ ಬಚ್ಚಲುಮನೆಯ ಮೂಲೆಯಲ್ಲಿ, ನೆಲದ ಮೇಲೆ ಕುಳಿತವು. ತಿನ್ನುವ ಸೋಡಕ್ಕೆ ಬೀಗ, ವಿಷಕ್ಕೆ ಮುಚ್ಚಳ. ಎಂಥ ಜಾಣತನ ನೋಡಿ.

ಭಾನುವಾರ ಮಧ್ಯಾಹ್ನ ಅವನು ಇಸ್ತ್ರಿ ಮಾಡುತ್ತಿದ್ದಾಗ ಬಚ್ಚಲುಮನೆಯಿಂದ ಕೆಮ್ಮು ಕೇಳಿಸಿತು. ನೀರು ನೆತ್ತಿಗೇರಿರಬೇಕು ಅಂದುಕೊಂಡು ಇನ್ನೊಂದು ತೋಳು ಮಡಿಸಿದ. ಕೆಮ್ಮು ನಿಲ್ಲಲಿಲ್ಲ. ಎದ್ದು ಹೋದ. ಬಾಗಿಲು ಮುಟ್ಟುವ ಮೊದಲೇ ಅವನ ಮೂಗು ಹೇಳಿತು, ಬ್ಲೀಚೂ ಹುಳಿನೀರೂ ಬೆರೆತು ವಿಷದ ಗಾಳಿ ಎದ್ದಿದೆ ಅಂತ. ಇಪ್ಪತ್ತು ವರ್ಷದ ಮೂಗು, ತಪ್ಪು ಹೇಳಲಿಲ್ಲ.

ಚಿಲಕ ಒಳಗಿನಿಂದ ಹಾಕಿತ್ತು. ಮೂರನೇ ಒದೆತಕ್ಕೆ ಬಾಗಿಲು ಬಿತ್ತು. ಮಗಳು ಮಗ್ಗಿನ ಪಕ್ಕದಲ್ಲಿ ಮುದುಡಿ ಬಿದ್ದಿದ್ದಳು. ಸೋಡ ಸಿಗದೆ, ಹುಳಿ ವಾಸನೆಯ ನೀರಿಗೆ ಇನ್ನೊಂದು ಬಾಟಲಿಯದ್ದನ್ನು ಸುರಿದು ನೊರೆ ಬರುತ್ತದಾ ಅಂತ ಬಗ್ಗಿ ನೋಡಿದ್ದಳು.

ಅವನ ಕೂಗು ಕೇಳಿ ನರ್ಸಮ್ಮ ಓಡಿ ಬಂದರು. "ಮೊದಲು ಹೊರಗೆ ಗಾಳಿಗೆ ತನ್ನಿ. ಮತ್ತೆ ಯಾರೂ ಒಳಗೆ ಹೋಗ್ಬೇಡಿ. ಕುಡಿಯೋಕೆ ಏನೂ ಕೊಡ್ಬೇಡಿ. ಗಾಡಿ ಕರೀರಿ."

ಆಸ್ಪತ್ರೆಯಲ್ಲಿ ಡಾಕ್ಟರು ಏನೇನು ಬೆರೆಸಿದ್ದಳು ಅಂತ ಕೇಳಿದಾಗ ಅವನು ಬಿಡಿಸಿ ಬಿಡಿಸಿ ಹೇಳಿದ. ಅಷ್ಟು ಚೆನ್ನಾಗಿ ಗೊತ್ತಿದ್ದದ್ದಕ್ಕೇ ಅವನಿಗೆ ನಾಚಿಕೆಯಾಯಿತು. ಐದು ದಿನ ಮಗಳ ಮುಖಕ್ಕೆ ಆಮ್ಲಜನಕದ ಮುಖವಾಡ. ಜೀವ ಉಳಿಯಿತು. ಈಗ ಶಾಲೆಯ ಮೆಟ್ಟಿಲು ಹತ್ತುವಾಗ ಅವಳು ಅರ್ಧದಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಾಳೆ. ಸರಿಹೋಗಬಹುದು ಅನ್ನುತ್ತಾರೆ ಡಾಕ್ಟರು. ಸರಿಹೋಗುತ್ತದೆ ಅನ್ನುವುದಿಲ್ಲ.

ಬ್ಲೀಚು ಈಗ ಅದರದ್ದೇ ಕ್ಯಾನಿನಲ್ಲಿ, ಹೆಸರಿನ ಸಮೇತ, ಬೀಗದೊಳಗಿದೆ. ಹೋದ ವಾರ ಲಾಂಡ್ರಿಯಪ್ಪ ಅಂಗಡಿ ಬೇಗ ಮುಚ್ಚಿ ಮೇಜಿನ ಮೇಲೆ ಒಂದು ಲೋಟ ನೀರು, ಉಪ್ಪಿನ ಡಬ್ಬಿ, ಒಂದು ಮೊಟ್ಟೆ ಇಟ್ಟುಕೊಂಡು ಕುಳಿತ.

"ಬಾರಮ್ಮ, ಮೊಟ್ಟೆ ತೇಲಿಸೋಣ."

"ನೀನೇ ಮಾಡಪ್ಪ."

ಅವನು ಚಮಚ ಚಮಚ ಉಪ್ಪು ಕದಡಿದ. ಮುಳುಗಿದ್ದ ಮೊಟ್ಟೆ ಮೇಲೆ ಬಂತು. ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಇದ್ಯಾಕೆ ಹೀಗಾಯ್ತು, ಹೇಳೇ," ಅಂದ. ಮಗಳು ಹೊಸಿಲಾಚೆ ನಿಂತು, ಫ್ರಾಕಿನ ಕತ್ತನ್ನೇ ಮೂಗಿಗೆಳೆದುಕೊಂಡಿದ್ದಳು. "ಕಿಟಕಿ ತೆಗಿ ಅಪ್ಪ," ಅಂದಳು, ಅಷ್ಟೇ.

ಓದುತ್ತಿರುವ ಅಪ್ಪ ಅಮ್ಮಂದಿರೇ, ಈ ಹಾಳೆ ಕೆಳಗಿಟ್ಟು ಈಗಲೇ ನಿಮ್ಮ ಬಚ್ಚಲುಮನೆ ನೋಡಿ ಬನ್ನಿ. ತೊಳೆಯುವ, ಉಜ್ಜುವ ದ್ರವ ಕುಡಿಯುವ ಬಾಟಲಿಯಲ್ಲಿದ್ದರೆ ಇವತ್ತೇ ತೆಗೆಯಿರಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಒಂದಕ್ಕೊಂದನ್ನು ಬೆರೆಸುವುದು ನಿಮಗೂ ಬೇಡ. ಆಮೇಲೆ ಮಗುವನ್ನು ಕರೆದು ಉಪ್ಪು, ನೀರು, ಮೊಟ್ಟೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಚೆಲ್ಲಿದರೆ ಒರೆಸಿದರಾಯಿತು. ನಮಗೆ ಯಾರೂ ಹೇಳಲಿಲ್ಲ ಅನ್ನಬೇಡಿ. ಲಾಂಡ್ರಿಯಪ್ಪನಿಗೂ ಹೇಳಿದ್ದರು.