ಬೆಳ್ಳಿಯ ಕರಡಿಗೆ

ಗೋಡೆಗೆ ಒರಗಿಸಿ ಕೂರಿಸಿದ ದುಂಡಪ್ಪನ ಸೊಸೆಯ ತಲೆ ಮತ್ತೆ ಮತ್ತೆ ವಾಲುತ್ತಿತ್ತು. ಕೊನೆಗೆ ಹಣೆಗೆ ಬಿಳಿ ಬಟ್ಟೆ ಸುತ್ತಿ ಗೂಟಕ್ಕೆ ಕಟ್ಟಿದರು. ನಿನ್ನೆ ಸಂಜೆ ಎಮ್ಮೆಗೆ ಮೇವು ಹಾಕುತ್ತ ಕುಸಿದ ಶೆಟ್ಟೆವ್ವ ಮತ್ತೆ ಏಳಲಿಲ್ಲ. ಅಂಕಲಗಿಯ ಅರ್ಧ ಊರು ಅಂಗಳದಲ್ಲಿತ್ತು.

ನೆರೆಮನೆಯ ಕಾಶೆವ್ವ ಸೆರಗಿನಿಂದ ಮೂಗೊರೆಸಿಕೊಂಡು, "ಜೀವಾ ಬಿಟ್ಳು, ಕೊರಳಾಗಿನ ಲಿಂಗಾ ಬಿಡ್ಲಿಲ್ಲ. ಮಾವ ಇದ್ರ ದುಂಡಪ್ಪಕಾಕಾನಂಗ ಇರಬೇಕ್ರಿ," ಎಂದಳು. ಕೂತವರು ಹೌದು ಹೌದೆಂದು ತಲೆಯಾಡಿಸಿದರು. ದುಂಡಪ್ಪನಿಗೆ ಮುಖಕ್ಕೆ ಸೆಗಣಿ ಬಳಿದಂತಾಯಿತು. ಆಸ್ಪತ್ರೆಯಲ್ಲಿ ಲಿಂಗ ಇಳಿಸಗೊಡದ ಆ ಕತೆಯನ್ನು ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಹೇಳಿದವನು ಅವನೇ.

* * *

ನಾಲ್ಕು ಹೆಜ್ಜೆ ನಡೆದರೆ ಶೆಟ್ಟೆವ್ವನಿಗೆ ಏದುಸಿರು ಬರುತ್ತಿತ್ತು. ಗೋಕಾಕದ ಡಾಕ್ಟರು ಎಕೋ ಮಾಡಿ, ಹೃದಯದ ಸ್ನಾಯು ದಪ್ಪಗಾಗಿದೆ, ಅಪರೂಪದ ಬೇನೆಯಿರಬೇಕು, ಬೆಳಗಾವಿಯಲ್ಲಿ ಎಂಆರ್‌ಐ ಮಾಡಿಸಿದರೆ ಯಾವುದೆಂದು ತಿಳಿಯುತ್ತದೆ ಎಂದಿದ್ದರು. ತಿಳಿದರೆ ಜೀವ ಉಳಿಸಲು ದಾರಿಯಿದೆ ಎಂದೂ, ಇದು ತಾಯಿಯಿಂದ ಮಕ್ಕಳಿಗೆ ಬರಬಹುದು, ಮಗಳನ್ನೂ ತೋರಿಸಿರಿ ಎಂದೂ ಹೇಳಿದ್ದರು.

ಶೆಟ್ಟೆವ್ವನ ಗಂಡ ಸೋಮಶೇಖರನಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ; ದುಂಡಪ್ಪನೇ ಸೊಸೆಯನ್ನು ಬೆಳಗಾವಿಗೆ ಕರೆದೊಯ್ದ. ಬಾಗಿಲಲ್ಲಿದ್ದ ನರ್ಸು, ಒಳಗಿರುವುದು ದೊಡ್ಡ ಅಯಸ್ಕಾಂತ, ಮೈಮೇಲೆ ಲೋಹ ಇರಬಾರದು ಎಂದಳು. ಶೆಟ್ಟೆವ್ವ ತಾಳಿ, ಕಾಲುಂಗುರ ತೆಗೆದು ಮಾವನ ಕೈಗಿಟ್ಟಳು. ಲಿಂಗವಿದ್ದ ಬೆಳ್ಳಿಯ ಕರಡಿಗೆಗೂ ಕೈ ಹಾಕಿದಳು.

"ಅದನ್ನ ಮುಟ್ಟಬ್ಯಾಡ."

"ಮಾವಾರ, ಒಂದೀಟ ಹೊತ್ರಿ. ಮತ್ತ ಹಾಕ್ಕೋತೀನಿ."

"ಲಿಂಗಾ ಇಳಿಸಿ ಉಳಿಯೂ ಜೀವಾ ನಮ್ಮ ಮನ್ಯಾಗ ಬ್ಯಾಡ."

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ದುಂಡಪ್ಪನ ಎದೆಯುಬ್ಬಿತು. ಸೊಸೆ ಬಗ್ಗಿ ಕಾಲುಂಗುರ ಹಾಕಿಕೊಂಡಳು. ಬಸ್ಸಿನಲ್ಲಿ ಊರು ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

* * *

ಸಮಾಧಿಗೆ ತೋಡಿದ ಕುಣಿಯ ಗೂಡಿನಲ್ಲಿ ಅವಳನ್ನು ಕೂರಿಸಿದ ಮೇಲೆ ಅಯ್ಯನವರು ಕೊರಳ ಶಿವದಾರ ಬಿಚ್ಚಿದರು. ಕರಡಿಗೆ ತೆರೆದು, ಲಿಂಗ ತೆಗೆದು ಅವಳ ಎಡ ಅಂಗೈಯಲ್ಲಿಟ್ಟರು. ಖಾಲಿ ಕರಡಿಗೆಯನ್ನು ಮೇಲೆ ನಿಂತಿದ್ದ ದುಂಡಪ್ಪನಿಗೆ ಚಾಚಿದರು. ಅಷ್ಟೇ ಕೆಲಸ.

"ಅಯ್ಯಾರ," ದುಂಡಪ್ಪ ಕುಣಿಯತ್ತ ಬಗ್ಗಿದ. "ಬೆಳ್ಳಿದು ಬಿಟ್ಟು ಲಿಂಗಾ ಧರಿಸಬಹುದೇನ್ರಿ?"

"ಯಾಕ ಬರೂದಿಲ್ಲೋ? ಇಲ್ಲದವ್ರು ಅರಿವ್ಯಾಗ ಕಟಗೊಂಡು ಕೊರಳಾಗ ಹಾಕೋತಾರ. ಅದೂ ಲಿಂಗನ."

ಒಂದು ತುಂಡು ಬಟ್ಟೆ ಸಾಕಿತ್ತು. ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು. ಹೊಗಳಿಸಿಕೊಳ್ಳುವ ಹುರುಪಿನಲ್ಲಿ ಅವನು ಕೇಳಲೇ ಇಲ್ಲ. ನಾಚಿಕೆಗೆ ಭೂಮಿ ಬಾಯಿಬಿಡಲಿ ಎನ್ನುತ್ತಾರೆ. ಅದು ಬಾಯಿಬಿಟ್ಟೇ ಇತ್ತು, ಒಳಗೆ ಸೊಸೆ ಕೂತಿದ್ದಳು.

ಮೊಮ್ಮಗಳು ಮೇಘಾ ಬಿಲ್ವಪತ್ರಿ ಹಿಡಿದು ದಿಬ್ಬ ಹತ್ತಿ ಬಂದಳು. ಬಂದವಳು ಎದೆಯ ಮೇಲೆ ಕೈಯಿಟ್ಟು, ಬಾಯಿ ತೆರೆದು ಉಸಿರೆಳೆದುಕೊಂಡಳು. ಅವಳವ್ವನೂ ಹೀಗೇ ನಿಲ್ಲುತ್ತಿದ್ದಳು.

ದುಂಡಪ್ಪ ಅವಳೆದುರು ಮಂಡಿಯೂರಿದ. ತಲೆಯ ರುಮಾಲಿನ ಅಂಚು ಹರಿದ. ಊರೆಲ್ಲ ನೋಡುತ್ತಿದ್ದಂತೆ ಮಗುವಿನ ಕೊರಳಿನ ಬೆಳ್ಳಿಯ ಕರಡಿಗೆ ಬಿಚ್ಚಿ ತೆರೆದು, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ, ಮತ್ತೆ ಅವಳ ಕೊರಳಿಗೆ ಹಾಕಿದ.

"ಸೋಮಾ, ಇಕೀನ ಬೆಳಗಾಂವಿಗಿ ನೀನ ಕರಕೊಂಡ ಹೋಗು. ನನ್ನ ಜೋಡಿ ಕಳಸಬ್ಯಾಡ."

ಸೋಮಶೇಖರ ಅಪ್ಪನ ಮುಖ ನೋಡಲಿಲ್ಲ. ಮಗಳ ಕೈ ಹಿಡಿದು ಕುಣಿಯ ಹತ್ತಿರ ಕರೆದೊಯ್ದ.

ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ದುಂಡಪ್ಪನ ಸರದಿ ಬಂದಾಗ ಮಣ್ಣು ಹಿಡಿಯಲು ಕೈ ಖಾಲಿಯಿರಲಿಲ್ಲ. ಎರಡೂ ಅಂಗೈಗಳಲ್ಲಿ ಒಂದೊಂದು ಬೆಳ್ಳಿಯ ಕರಡಿಗೆ ಬಾಯಿ ತೆರೆದುಕೊಂಡು ಬಿದ್ದಿತ್ತು.