ತಲೆಗೊಂದು ಗಂಗಳ

"ಹಿಡ್ಕೊಳವ್ವ, ಭಾರ ಐತೆ," ಎನ್ನುತ್ತ ಮಗಳು ಪಿಳ್ಳಮ್ಮ ಅಟ್ಟದ ಮೇಲಿಂದ ಹಿತ್ತಾಳೆಯ ಕೊಳಗವನ್ನು ಕೆಳಕ್ಕೆ ಇಳಿಬಿಟ್ಟಳು. ಏಣಿಯ ಬುಡದಲ್ಲಿ ನಿಂತಿದ್ದ ಗಂಗಲಕ್ಷ್ಮಮ್ಮ ಎರಡೂ ಕೈ ಚಾಚಿ ಅದನ್ನು ತಬ್ಬಿ ಹಿಡಿದಳು. ವರ್ಷದ ಧೂಳು ಮುಖದ ಮೇಲೆ ಸುರಿಯಿತು. ನೆಲಕ್ಕಿಡಲು ಬಗ್ಗಿದಾಗ ಸೊಂಟದಲ್ಲಿ ಚಳಕು ಹೊಡೆದು, ಬಗ್ಗಿದವಳು ಹಾಗೇ ಸ್ವಲ್ಪ ಹೊತ್ತು ನಿಂತಳು.

ಪಕ್ಷದ ಹಬ್ಬ ಹತ್ತಿರ ಬಂದಿತ್ತು. ಹಿರಿಯರಿಗೆ ಎಡೆ ಇಡುವ ಮೊದಲು ಪಾತ್ರೆಯೆಲ್ಲ ಅಟ್ಟದಿಂದ ಇಳಿಯಬೇಕು, ಹುಣಸೇಹಣ್ಣು ಬೂದಿಯಲ್ಲಿ ಉಜ್ಜಿಸಿಕೊಂಡು ಥಳಥಳ ಅನ್ನಬೇಕು, ಒಣಗಿದ ಮೇಲೆ ಮತ್ತೆ ಅಟ್ಟ ಹತ್ತಬೇಕು. ಹಬ್ಬದ ಅಡುಗೆಗೆ ಅವುಗಳಲ್ಲಿ ಒಂದೂ ಬೇಕಾಗುತ್ತಿರಲಿಲ್ಲ.

ಬೀದಿಯ ಬಿಸಿಲು ಹೊಸಿಲು ದಾಟಿ ಒಳಗೆ ಬಂದಿದ್ದನ್ನು ಕಂಡು ಗಂಗಲಕ್ಷ್ಮಮ್ಮನಿಗೆ ತಟ್ಟನೆ ನೆನಪಾಯಿತು. "ಇವತ್ತು ಸ್ಕೂಲಿಲ್ವೇನೇ?"

"ಐತೆ. ಲೆಕ್ಕದ ಪರೀಕ್ಷೆ."

"ಅಯ್ಯೋ! ಮತ್ತೆ ಇಲ್ಲಿ ಯಾಕೆ ಏಣಿ ಹತ್ಕೊಂಡು ಕೂತಿದ್ದೀಯ?"

"ನಾನು ಹೋದ್ರೆ ಇವನ್ನೆಲ್ಲ ಯಾರು ಉಜ್ಜೋರು? ನಿಂಗೆ ಸೊಂಟ ಬಗ್ಗಲ್ಲ. ಅಜ್ಜಿ ಕೈಲಾಗಲ್ಲ." ಪಿಳ್ಳಮ್ಮ ಇನ್ನೊಂದು ತಪ್ಪಲೆಯನ್ನು ಎಳೆದುಕೊಂಡಳು. "ಗಂಟೆ ಹೊಡೆದು ಆಗ್ಲೇ ಎಷ್ಟೋ ಹೊತ್ತಾಯ್ತು. ಹಿಡ್ಕೊ."

ಹುಡುಗಿಯ ದನಿಯಲ್ಲಿ ದೂರಿರಲಿಲ್ಲ, ಅಳುವೂ ಇರಲಿಲ್ಲ. ಇದ್ದಿದ್ದರೆ ಗಂಗಲಕ್ಷ್ಮಮ್ಮ ಗದರಿಸಿಯೋ ರಮಿಸಿಯೋ ಅದನ್ನು ಅಲ್ಲಿಗೇ ಮರೆತುಬಿಡುತ್ತಿದ್ದಳು. ಹದಿಮೂರು ತುಂಬದ ಮಗಳು, ನಾಲ್ಕು ಹೆತ್ತ ಹೆಂಗಸಿನ ಹಾಗೆ, ಆಗಬೇಕಾದ ಕೆಲಸದ ಮಾತಾಡಿದ್ದಳು. ತಾನು ದಿನಾ ಆಡುವ ಮಾತನ್ನೇ ಯಾರೋ ಅಟ್ಟದ ಮೇಲೆ ಕೂತು ತನಗೆ ತಿರುಗಿಸಿ ಹೇಳಿದಂತೆ ಅವಳಿಗೆ ಕೇಳಿಸಿತು.

ಅರವತ್ತೆಂಟನೇ ಇಸವಿಯಲ್ಲಿ ಕುಂದಾಣದ ದೊಡ್ಡ ಮನೆ ಭಾಗವಾಗಿತ್ತು. ಹಿರಿಯ ಅಪ್ಪಯ್ಯಣ್ಣ ಮನೆ ಇಟ್ಟುಕೊಂಡ. ಬೆಂಗಳೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಕಿರಿಯ ವೆಂಕಟರಾಯಪ್ಪ ಬಸ್ಸಿಗೆ ಅನುಕೂಲವೆಂದು ದೇವನಹಳ್ಳಿಯ ಕೋಟೆಯೊಳಗೆ ಎರಡು ಕೋಣೆಯ ಮನೆ ಹಿಡಿದ. ತಾಯಿ ಅಮ್ಮಯಮ್ಮ ಕಿರಿಯ ಮಗನ ಜೊತೆ ಬಂದಳು. ಅವಳ ಹಿಂದೆಯೇ ಎರಡು ಗಾಡಿ ಪಾತ್ರೆ ಬಂತು. ಮೂವತ್ತು ಜನ ಉಣ್ಣುತ್ತಿದ್ದ ಮನೆಯ ಹಂಡೆ, ಕೊಪ್ಪರಿಗೆ, ಕೊಳಗ, ಒಂದರೊಳಗೊಂದು ಕೂರುವ ತಪ್ಪಲೆಗಳು, ಗೋಣಿಗಟ್ಟಲೆ ಊಟದ ಗಂಗಳ. ಅಟ್ಟ ತುಂಬಿ ಉಳಿದದ್ದು ಒಳಕೋಣೆಯ ಗೋಡೆಗುಂಟ ಸೂರಿನವರೆಗೆ ನಿಂತಿತು. ಮಿಕ್ಕ ಜಾಗದಲ್ಲಿ ಮೂರು ಮಕ್ಕಳು ಒಬ್ಬರ ಕಾಲು ಇನ್ನೊಬ್ಬರ ತಲೆಗೆ ತಾಗುವಂತೆ ಮಲಗುತ್ತಿದ್ದರು. ನಿದ್ದೆಯಲ್ಲಿ ಕಿರಿಯವನು ಹೊರಳಿದರೆ ಯಾವುದೋ ತಂಬಿಗೆ ಉರುಳಿ ಮನೆಯೆಲ್ಲ ಎದ್ದು ಕೂರುತ್ತಿತ್ತು.

ಹಿತ್ತಲ ಬಾವಿಯ ಹತ್ತಿರ ತಾಯಿಮಗಳು ಮಧ್ಯಾಹ್ನದವರೆಗೂ ಉಜ್ಜಿದರು. ಹುಣಸೇ ಹುಳಿಗೆ ಪಿಳ್ಳಮ್ಮನ ಬೆರಳಿನ ಸಂದುಗಳು ಬೆಳ್ಳಗಾಗಿ ಬಿರಿದಿದ್ದವು. ಊಟದ ಗಂಟೆ ಹೊಡೆದು ಶಾಲೆಯ ಮಕ್ಕಳು ಬೀದಿಯಲ್ಲಿ ಗಲಾಟೆ ಮಾಡುತ್ತ ಹೋದರು. ಹುಡುಗಿ ತಲೆ ಎತ್ತಲಿಲ್ಲ. ತೆಂಗಿನ ನಾರನ್ನು ತಿರುಗಿಸಿ ಹಿಡಿದು, ಕೊಪ್ಪರಿಗೆಯೊಳಗೆ ಅರ್ಧ ಮೈ ಇಳಿಸಿ ತಳ ತಿಕ್ಕತೊಡಗಿದಳು. ಗಂಗಲಕ್ಷ್ಮಮ್ಮ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು. ಆಮೇಲೆ ಅದನ್ನು ಮುಟ್ಟಲು ಅವಳಿಗೆ ಮನಸ್ಸೇ ಬರಲಿಲ್ಲ.

ಸಂಜೆ ವೆಂಕಟರಾಯಪ್ಪ ಬಂದ. ಬಸ್ಸಿನಲ್ಲಿ ನಿಂತೇ ಬಂದವನು, ಕಾಲು ಚಾಚಲು ಜಾಗ ಹುಡುಕಿ, ತೊಳೆದು ಬೋರಲು ಹಾಕಿದ್ದ ಹಂಡೆಯ ಮೇಲೇ ಕೂತ. ಗಂಗಲಕ್ಷ್ಮಮ್ಮ ಅವನ ಕೈಗೆ ನೀರಿನ ಚೊಂಬು ಕೊಟ್ಟು, ಯಾವ ಪೀಠಿಕೆಯೂ ಇಲ್ಲದೆ ಹೇಳಿದಳು: "ಹಬ್ಬ ಆದ್ಮೇಲೆ ಇವು ಅಟ್ಟ ಹತ್ತಲ್ಲ. ಕುಂದಾಣಕ್ಕೆ ಹೋಗ್ತವೆ."

"ಏನಾಯ್ತೀಗ?"

"ಪಿಳ್ಳಿ ಪರೀಕ್ಷೆ ಬಿಟ್ಟು ಕೊಪ್ಪರಿಗೆ ಉಜ್ಜಿದ್ಳು. ಹೋದ ಹಬ್ಬಕ್ಕೂ ಹಿಂಗೇ ಮಾಡಿದ್ಳಂತೆ. ನಂಗೆ ಗೊತ್ತೇ ಇಲ್ಲ."

ವೆಂಕಟರಾಯಪ್ಪ ನೀರು ಕುಡಿದು ಬಾಯಿ ಒರೆಸಿಕೊಂಡ. ಅವನಿಗೆ ಯಾವ ಜಗಳವೂ ಬೇಕಿರಲಿಲ್ಲ. "ಅವ್ವ ಇರೋಗಂಟ ಇರ್ಲಿ ಬಿಡು."

"ಅಲ್ಲೀಗಂಟ ಪಿಳ್ಳಿ ಇಲ್ಲಿರ್ತಾಳಾ? ಅಷ್ಟೊತ್ತಿಗೆ ಅವಳ್ನ ಇನ್ನೊಬ್ಬರ ಅಟ್ಟಕ್ಕೆ ಹತ್ತಿಸಿರ್ತೀರ." ಗಂಗಲಕ್ಷ್ಮಮ್ಮ ದನಿ ಎತ್ತರಿಸಲಿಲ್ಲ. ಎತ್ತರಿಸುವ ಶಕ್ತಿಯೂ ಇರಲಿಲ್ಲ. "ಇದರಲ್ಲಿ ಒಂದು ಲೋಟಾನೂ ನಾನು ತಂದಿದ್ದಲ್ಲ. ಉಜ್ಜಿದ್ದು ಮಾತ್ರ ನಾನು. ಇನ್ನು ನನ್ನ ಕೈಲಾಗಲ್ಲ. ಅವಳ ಕೈಲಿ ನಾನು ಮಾಡಿಸಲ್ಲ. ತಲೆಗೊಂದು ಗಂಗಳ, ಒಂದು ಲೋಟ ಸಾಕು. ಅಡುಗೆಗೆ ಏನು ಬೇಕೋ ಅಷ್ಟು ಇಟ್ಕೊತೀನಿ. ಉಂಡೋರು ಅವರವರ ಗಂಗಳ ತೊಳ್ಕೊಳ್ಳಿ."

"ಯಾರು, ನಾನೂನಾ?"

"ನೀವೂ ಉಣ್ತೀರಲ್ಲ."

ಎರಡು ಕೋಣೆಯ ಮನೆಯಲ್ಲಿ ಮುಚ್ಚಿ ಆಡುವ ಮಾತಿಲ್ಲ. ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅಮ್ಮಯಮ್ಮನ ಕೈ ನಿಂತಿತ್ತು.

"ಮಾರ್ತೀಯೇನಮ್ಮಿ?" ಎಂದಳು ಮುದುಕಿ.

"ಮಾರಲ್ಲ ಅತ್ತೆ. ಊರಿನ ಭಜನೆ ಮನೆಗೆ ಕೊಡೋಣ. ಮದುವೆಗೆ, ದೇವರೂಟಕ್ಕೆ ಯಾರಿಗೆ ಬೇಕೋ ತಗೊಂಡೋಗಿ ಬೇಯಿಸ್ಕೊಳ್ಳಿ."

"ಆ ದೊಡ್ಡ ಹಂಡೆ ಮೇಲೆ ನನ್ನ ಹೆಸರು ಐತೆ. ನನ್ನಪ್ಪ ಮದುವೇಲಿ ಕೆತ್ತಿಸಿ ಕೊಟ್ಟಿದ್ದು."

"ಹೆಸರು ಅಲ್ಲೂ ಇರ್ತದಲ್ಲ ಅತ್ತೆ. ಇಲ್ಲಿ ಯಾರು ಓದ್ತಾರೆ?"

"ಓದೋಕೆ ನಂಗೆಲ್ಲಿ ಬರ್ತದೆ? ಬೆರಳಲ್ಲಿ ಸವರಿದ್ರೆ ಸಿಗ್ತದೆ." ಅಮ್ಮಯಮ್ಮ ಕುಟ್ಟಾಣಿಯನ್ನು ಪಕ್ಕಕ್ಕೆ ಸರಿಸಿದಳು. "ಮೂವತ್ತು ಜನಕ್ಕೆ ಇಕ್ಕಿದ ಕೈ ಕಣಮ್ಮಿ ಇದು. ನಾಳೆ ಮನೆಗೆ ನಾಲ್ಕು ಜನ ಬಂದ್ರೆ ಯಾತರಲ್ಲಿ ಇಕ್ಕುತೀಯ?"

"ಎಲೆ ಹಾಕ್ತೀನಿ."

ಮುದುಕಿ ಸೆರಗು ಹೊದ್ದುಕೊಂಡಳು. "ಆಗ್ಲಿ. ಈಗ ಮನೆ ನಿಂದು," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಅಂದಿನಿಂದ ಅವಳು ಸೊಸೆಯೊಡನೆ ಮಾತು ಬಿಟ್ಟಳು.

ಹಬ್ಬ ಕಳೆದ ಮೇಲೆ ಸಂತೆಯ ದಿನ ಕುಂದಾಣದ ಮುನಿಶಾಮಪ್ಪ ತರಕಾರಿ ಇಳಿಸಿ, ಖಾಲಿ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಪಾತ್ರೆಗಳು ಒಂದೊಂದಾಗಿ ಹೊರಗೆ ಬಂದಂತೆ ಬೀದಿಯ ಹೆಂಗಸರೂ ಒಬ್ಬೊಬ್ಬರಾಗಿ ಹೊರಗೆ ಬಂದರು. ಹೊಳೆಯುವ ಪಾತ್ರೆ ಮನೆ ಬಿಟ್ಟು ಹೋಗುವುದಕ್ಕೆ ಅವರಿಗೆ ತಿಳಿದಿದ್ದ ಕಾರಣ ಒಂದೇ. ಎದುರುಮನೆಯ ಪಾಪಕ್ಕ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಏನಾದ್ರೂ ತೊಂದ್ರೆನಾ ಗಂಗಲಕ್ಷ್ಮಿ? ಯಜಮಾನ್ರ ಕೆಲ್ಸ ಗಿಲ್ಸ..."

"ಕೆಲ್ಸ ಚೆನ್ನಾಗೈತೆ ಪಾಪಕ್ಕ. ನಂಗೆ ಸಾಕಾಗೈತೆ, ಅಷ್ಟೇ."

ಪಾಪಕ್ಕ ನಂಬಲಿಲ್ಲ. ನಂಬಿಸಲು ಗಂಗಲಕ್ಷ್ಮಮ್ಮನಿಗೂ ಚೈತನ್ಯವಿರಲಿಲ್ಲ. ಅವಮಾನವೇನೋ ಆಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಒಳಗೆ ಹೋಗಿ ಇನ್ನೆರಡು ತಪ್ಪಲೆ ತಂದಳು.

ಹೆಸರು ಕೆತ್ತಿಸಿದ್ದ ತಾಮ್ರದ ಹಂಡೆಯನ್ನು ಅವಳು ಬೇಕೆಂದೇ ಒಳಗೆ ಬಿಟ್ಟಿದ್ದಳು. ಅದೊಂದಾದರೂ ಇರಲಿ, ಅತ್ತೆಯ ಕಣ್ಣ ಮುಂದೆ ಎಂದುಕೊಂಡಿದ್ದಳು. ಗಾಡಿಗೆ ಹಗ್ಗ ಬಿಗಿಯುವ ಹೊತ್ತಿಗೆ ಬಾಗಿಲಲ್ಲಿ ತಾಮ್ರ ಕಲ್ಲಿಗೆ ಉಜ್ಜುವ ಸದ್ದಾಯಿತು. ಅಮ್ಮಯಮ್ಮ ಬಗ್ಗಿ, ಏದುಸಿರು ಬಿಡುತ್ತ, ಹಂಡೆಯನ್ನು ತಾನೇ ಹೊಸಿಲವರೆಗೆ ಉರುಳಿಸಿಕೊಂಡು ಬಂದಿದ್ದಳು.

"ಅತ್ತೆ, ಅದಿರ್ಲಿ ಬಿಡಿ."

ಅಮ್ಮಯಮ್ಮ ಗಾಡಿಯ ಕಡೆ ತಿರುಗಿದಳು. "ಲೋ ಮುನಿಶಾಮಿ, ಇದನ್ನೂ ಏರಿಸ್ಕೊ," ಎಂದಳು. "ಒಂದನ್ನ ಮಾತ್ರ ಇಟ್ಕೊಂಡು ನಾನೇನು ಪೂಜೆ ಮಾಡ್ಲಾ? ಅದಕ್ಕೂ ಜೊತೆ ಬೇಡ್ವ?"

ಮುನಿಶಾಮಪ್ಪ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದ. ಕೊನೆಗೆ ಹಂಡೆಯನ್ನು ಎತ್ತಿಕೊಂಡ. ಗಾಡಿ ಕೋಟೆ ಬಾಗಿಲು ದಾಟುವವರೆಗೂ ಅದರ ಗಣಗಣ ಕೇಳಿಸುತ್ತಿತ್ತು. ಅಮ್ಮಯಮ್ಮ ಜಗಲಿಯ ಮೇಲೆ ಬೀದಿಗೆ ಬೆನ್ನು ಹಾಕಿ ಕೂತಿದ್ದಳು.

ಅವತ್ತು ರಾತ್ರಿ ಊಟವಾದ ಮೇಲೆ ಯಾರೂ ಏಳಲಿಲ್ಲ. ದೊಡ್ಡ ಹುಡುಗ ಹನುಮಂತ ಕೈ ಒಣಗಿಸಿಕೊಂಡು ಅಪ್ಪನ ಮುಖ ನೋಡಿದ, ಅವನನ್ನು ನೋಡಿ ಕಿರಿಯವನೂ ನೋಡಿದ. ವೆಂಕಟರಾಯಪ್ಪ ಕೆಮ್ಮಿ, ಗಂಗಳ ಎತ್ತಿಕೊಂಡು ಹಿತ್ತಲಿಗೆ ನಡೆದ. ಹುಡುಗರು ನಗು ತಡೆದುಕೊಳ್ಳಲಾರದೆ ಹಿಂದೆ ಓಡಿದರು. ಬೂದಿ ಎಷ್ಟು ಹಾಕಬೇಕೆಂದು ಅಪ್ಪನಿಗೂ ಗೊತ್ತಿರಲಿಲ್ಲ. ಮಗ ಗಂಗಳ ತೊಳೆಯುವ ಸದ್ದು ಕೇಳಿ ಅಮ್ಮಯಮ್ಮ ಕಣ್ಣು ಮುಚ್ಚಿಕೊಂಡಳು. ಮಗ, ಮೊಮ್ಮಕ್ಕಳು ಮಲಗಿದ ಮೇಲೆ ತಾನೊಬ್ಬಳೇ ಉಂಡು, ತನ್ನದನ್ನು ತಾನೇ ತೊಳೆದಿಟ್ಟಳು. ಸೊಸೆ ಕೈ ಚಾಚಿದರೂ ಕೊಡಲಿಲ್ಲ.

ಎಲ್ಲ ಹಗುರವಾಯಿತು ಎಂದೇನಲ್ಲ. ಗಂಗಲಕ್ಷ್ಮಮ್ಮನ ಸೊಂಟ ನೋವು ಹಾಗೇ ಇತ್ತು, ಬಾವಿಯ ನೀರು ಸೇದುವುದೂ ಮುಗಿಯಲಿಲ್ಲ. ಅಪ್ಪಯ್ಯಣ್ಣ ಹೆಂಡತಿ ಮಕ್ಕಳೊಡನೆ ಬಂದ ದಿನ ಮುತ್ತುಗದ ಎಲೆ ಸಾಲದೆ ಹೆಂಗಸರು ಗಂಡಸರ ಊಟ ಮುಗಿದು ಗಂಗಳ ತೊಳೆಯುವವರೆಗೆ ಕಾಯಬೇಕಾಯಿತು. ಓರಗಿತ್ತಿ ಖಾಲಿ ಅಟ್ಟವನ್ನು ನೋಡಿ ಗಂಡನನ್ನು ನೋಡಿದಳು. ಗಂಗಲಕ್ಷ್ಮಮ್ಮ ಕಂಡೂ ಕಾಣದವಳಂತೆ ಸಾರು ಬಡಿಸಿದಳು. ಒಳಕೋಣೆಯ ಪಾತ್ರೆ ಉಜ್ಜುತ್ತಿದ್ದ ಸೋಮವಾರ ಶುಕ್ರವಾರಗಳಲ್ಲಿ, ಈಗ ಕೆಲಸವಿಲ್ಲದೆ ಬಾವಿಕಟ್ಟೆಯ ಮೇಲೆ ಕೂತಾಗ, ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ಅವಳಿಗೆ ತಿಳಿಯುತ್ತಿರಲಿಲ್ಲ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಯೋಚಿಸುತ್ತಿದ್ದಳು. ಯೋಚಿಸಿ ಯೋಚಿಸಿ ಅದೂ ಆಯಾಸವಾಗುತ್ತಿತ್ತು.

ತಪ್ಪಿದ ಪರೀಕ್ಷೆ ತಪ್ಪಿಯೇ ಹೋಗಿತ್ತು. ಗಂಗಲಕ್ಷ್ಮಮ್ಮ ಶಾಲೆಗೆ ಹೋಗಿ ಕೇಳಿಕೊಂಡಾಗ ಲೆಕ್ಕದ ಟೀಚರಮ್ಮ, "ಇನ್ಮೇಲೆ ಒಂದಿನಾನೂ ತಪ್ಪಿಸ್ಬೇಡಿ, ವರ್ಷದ ಕೊನೇಲಿ ನೋಡೋಣ," ಎಂದಷ್ಟೇ ಹೇಳಿದ್ದಳು. ಪಿಳ್ಳಮ್ಮ ದಿನಾ ಹೋದಳು. ಮೊದಮೊದಲು ಶಾಲೆಯಿಂದ ಬಂದವಳೇ ಹಿತ್ತಲಿಗೆ ಹೋಗಿ ತೊಳೆಯುವುದು ಏನಾದರೂ ಇದೆಯೇ ಎಂದು ನೋಡುತ್ತಿದ್ದಳು. ಇಲ್ಲದಿದ್ದರೆ ಏನೋ ತಪ್ಪು ಮಾಡಿದವಳ ಹಾಗೆ ಅಮ್ಮನ ಹಿಂದೆ ಸುತ್ತುತ್ತಿದ್ದಳು. "ಹೋಗೇ, ಓದ್ಕೊ ಹೋಗು," ಎಂದು ಗಂಗಲಕ್ಷ್ಮಮ್ಮ ಅಟ್ಟಬೇಕಾಗುತ್ತಿತ್ತು.

ಕಾರ್ತಿಕ ಬಂತು. ಹಗಲು ಬೇಗ ಇಳಿಯತೊಡಗಿತು. ಒಂದು ಸಂಜೆ ಬಾವಿಯಿಂದ ಬಿಂದಿಗೆ ಹೊತ್ತು ಒಳಗೆ ಬಂದ ಗಂಗಲಕ್ಷ್ಮಮ್ಮ ನಡುಮನೆಯಲ್ಲೇ ನಿಂತಳು. ಒಳಕೋಣೆಯ ಬರಿನೆಲದ ಮೇಲೆ ಪಿಳ್ಳಮ್ಮ ಮಲಗಿಬಿಟ್ಟಿದ್ದಳು. ಶಾಲೆಯ ಲಂಗ ಬದಲಿಸಿರಲಿಲ್ಲ, ಜಡೆಯ ಟೇಪು ಬಿಚ್ಚಿರಲಿಲ್ಲ. ಪುಸ್ತಕ ತೆರೆದದ್ದು ತೆರೆದಂತೆಯೇ ಪಕ್ಕದಲ್ಲಿತ್ತು. ಒಂದು ಕೈ ಅತ್ತ, ಒಂದು ಕೈ ಇತ್ತ, ಕಾಲು ಗೋಡೆಯವರೆಗೆ. ಇಷ್ಟು ಉದ್ದ ಆಗಿದ್ದಾಳೆಯೇ ಎಂದು ತಾಯಿಗೆ ಆಶ್ಚರ್ಯವಾಯಿತು.

ದೀಪ ಹಚ್ಚುವ ಹೊತ್ತು. ಆ ಹೊತ್ತಿನಲ್ಲಿ ಮನೆಯ ಹೆಣ್ಣುಮಕ್ಕಳು ಮಲಗಿದ್ದರೆ ಅಮ್ಮಯಮ್ಮ ಸಹಿಸುವವಳಲ್ಲ. ಜ್ವರ ಬಂದವರನ್ನೂ ಎಬ್ಬಿಸಿ ಕೂರಿಸುತ್ತಿದ್ದಳು. ಗಂಗಲಕ್ಷ್ಮಮ್ಮ ಬಿಂದಿಗೆ ಇಳಿಸಿ, ಮಗಳನ್ನು ಎಬ್ಬಿಸಲೆಂದು ಒಳಗೆ ಹೆಜ್ಜೆ ಇಟ್ಟಳು.

ದೇವರ ಗೂಡಿನ ಕೆಳಗೆ ಅಮ್ಮಯಮ್ಮ ಕೂತಿದ್ದಳು. ಬತ್ತಿ ಹೊಸೆದು, ಎಣ್ಣೆ ಹಾಕಿ ಆಗಿತ್ತು. ಬೆಂಕಿಪೊಟ್ಟಣ ಅವಳ ಕೈಯಲ್ಲೇ ಇತ್ತು. ಹೊರಗೆ ಎದುರುಮನೆಯ ದೀಪ ಹತ್ತಿತು, ಅದರ ಪಕ್ಕದ ಮನೆಯದೂ ಹತ್ತಿತು. ಮುದುಕಿ ಸೊಸೆಯ ಕಡೆ ತಿರುಗಲಿಲ್ಲ, ಕಡ್ಡಿಯನ್ನೂ ಗೀಚಲಿಲ್ಲ. ಬೆಂಕಿಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು, ಕತ್ತಲಾಗುತ್ತಿದ್ದ ಕೋಣೆಯಲ್ಲಿ ಹುಡುಗಿಯ ಉಸಿರಾಟವನ್ನು ಕೇಳುತ್ತ ಕೂತಿದ್ದಳು.

ಗಂಗಲಕ್ಷ್ಮಮ್ಮ ಬಾಗಿಲ ಚೌಕಟ್ಟಿಗೆ ಒರಗಿ, ಸೊಂಟಕ್ಕೆ ಕೈ ಕೊಟ್ಟುಕೊಂಡು, ಮೆಲ್ಲಗೆ ಅಲ್ಲೇ ಕುಸಿದು ಕೂತಳು.